ನಿಂತ ಬಾಟಲಿ, ಅಡ್ಡ ಬಾಟಲಿ

ನಮ್ಮ ಚಿಕ್ಕಮ್ಮ ಇರುವುದು ಕೊಲ್ಲಾಪುರ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಅವರ ವಾರ್ಡಿನಲ್ಲಿ ದಾರೂ ಅಂಗಡಿ ಇರಬೇಕಾ ಬೇಡವಾ ಅಂತ ಒಮ್ಮೆ ವೋಟಿಂಗ್ ನಡೆಯಿತು. ಚೀಟಿಯಲ್ಲಿ ಎರಡೇ ಚಿತ್ರ. ನೆಟ್ಟಗೆ ನಿಂತ ಬಾಟಲಿ ಅಂದರೆ ಅಂಗಡಿ ಇರಲಿ, ಅಡ್ಡ ಬಿದ್ದ ಬಾಟಲಿ ಅಂದರೆ ಮುಚ್ಚಿ. ಅಲ್ಲಿಯವರ ಬಾಯಲ್ಲಿ 'ಉಭಿ ಬಾಟಲಿ, ಆಡವಿ ಬಾಟಲಿ'. ಓದು ಬಾರದ ಅಜ್ಜಿಗೂ ಬಿಡಿಸಿ ಹೇಳಬೇಕಿಲ್ಲ.

ಮಹಾರಾಷ್ಟ್ರದಲ್ಲಿ ಇದಕ್ಕೆ ನಿಯಮವೇ ಇದೆ. ಶೇ 25ರಷ್ಟು ಹೆಂಗಸರು ಸಹಿ ಹಾಕಿ ಅರ್ಜಿ ಕೊಟ್ಟರೆ ಅಬಕಾರಿಯವರು ಸಹಿ ತಾಳೆ ನೋಡುತ್ತಾರೆ, ಆಮೇಲೆ ಮತದಾನ. ಚಿಕ್ಕಮ್ಮ ಮನೆಮನೆ ಅಲೆದರು. ಹೆಬ್ಬೆಟ್ಟಿನ ಶಾಯಿ ಸೆರಗಿಗೆ ಹತ್ತಿದ್ದು ಇವತ್ತಿಗೂ ಹೋಗಿಲ್ಲ.

ನಾನೇನು ಮಡಿವಂತ ಅಲ್ಲ, ಆಗೀಗ ಬಿಯರ್ ಕುಡಿಯುತ್ತೇನೆ. ಇಡೀ ಜಿಲ್ಲೆಗೆ ಬೀಗ ಹಾಕುವುದರಲ್ಲೂ ನನಗೆ ನಂಬಿಕೆ ಇಲ್ಲ. ಅದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ನಿಷೇಧ ಬಂತು, 2021ರಲ್ಲಿ ಹೋಯಿತು. ಆದರೆ ನಮ್ಮ ಓಣಿಯ ಮೂಲೆಯಲ್ಲಿ ಅಂಗಡಿ ಬೇಕಾ ಅಂತ ನಮ್ಮನ್ನೇ ಕೇಳುವುದು ಬೇರೆ, ಅಲ್ವಾ?

ತಕರಾರು ಇರುವುದು ಲೆಕ್ಕದಲ್ಲಿ. ಬಂದು ವೋಟು ಹಾಕಿದವರಲ್ಲಿ ಅರ್ಧ ಸಾಲದು, ಪಟ್ಟಿಯಲ್ಲಿ ಇರುವ ಒಟ್ಟು ಹೆಸರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು. ಸಾವಿರ ಹೆಸರಿದೆ ಅನ್ನಿ. 700 ಜನ ಬಂದು, 490 ಜನ ಅಡ್ಡ ಬಾಟಲಿಗೆ ಒತ್ತಿದರೂ ಅಂಗಡಿ ಅಲುಗುವುದಿಲ್ಲ. ಪುಣೆಗೆ ದುಡಿಯಲು ಹೋದವಳು, ಮದುವೆಯಾಗಿ ಬೇರೆ ಊರು ಸೇರಿದವಳು, ಹಾಸಿಗೆ ಹಿಡಿದವಳು, ಎಲ್ಲರೂ ಸುಮ್ನೆ ನಿಂತ ಬಾಟಲಿಯ ಲೆಕ್ಕಕ್ಕೆ! ಈ ಲೆಕ್ಕದಲ್ಲಿ ಚುನಾವಣೆ ನಡೆಸಿದರೆ ಎಷ್ಟು ಜನ ಶಾಸಕರು ಗೆದ್ದಾರು? ಲೈಸೆನ್ಸ್ ಪಡೆದವನ ಹೊಟ್ಟೆಪಾಡು, ದುಡುಕಿ ಮುಚ್ಚಬಾರದು, ಅದೂ ಸರಿಯೇ. ಅದಕ್ಕೆ ಕನಿಷ್ಠ ಇಷ್ಟು ಮತದಾನ ಆಗಲೇಬೇಕು ಅಂತ ಇಟ್ಟರೆ ಸಾಕಿತ್ತು.

ನಮ್ಮ ಕಡೆ 2007ರಲ್ಲಿ ಸಾರಾಯಿ ನಿಂತಿತು, ಬಾರ್ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಕೈಗೂ ಇಂಥ ಚೀಟಿ ಸಿಗಲಿ, ಆದರೆ ಈ ಲೆಕ್ಕ ಬೇಡ.

ಚಿಕ್ಕಮ್ಮನ ವಾರ್ಡಿನ ಅಂಗಡಿ ಉಳಿಯಿತು. ಈಗ ಅವರ ಗುಂಪು ಮತದಾರರ ಪಟ್ಟಿ ಹರವಿಕೊಂಡು ಕೂತಿದೆ, ಸತ್ತವರ ಹೆಸರು ತೆಗೆಸಲು. ಮೊದಲ ಪುಟದಲ್ಲೇ ಅವರ ಅತ್ತೆಯ ಹೆಸರು ಸಿಕ್ಕಿತಂತೆ. ಬದುಕಿದ್ದಷ್ಟು ದಿನ ಆ ಅಂಗಡಿಗೆ ಮಣ್ಣು ತೂರಿ ಶಾಪ ಹಾಕುತ್ತಿದ್ದ ಮುದುಕಿ, ಸತ್ತ ಮೇಲೆ ನಿಂತ ಬಾಟಲಿಯ ಪಾಲಾಗಿದ್ದಳು.