ಅರ್ಧ ಗುಳಿಗೆ

ನಿನ್ನೆ ಸಂಜೆ ಪಕ್ಕದ ಮನೆಯ ಬೆಕ್ಕು ವಾಂತಿ ಮಾಡಿತು. ಬೆಕ್ಕು ಅಂದಮೇಲೆ ಮೈ ನೆಕ್ಕುತ್ತೆ, ಕೂದಲು ನುಂಗುತ್ತೆ, ಆಗಾಗ ಕಕ್ಕುತ್ತೆ. ಇದೂ ತನ್ನ ಪಾಡಿಗೆ ಕಕ್ಕಿ, ಬಾಲ ಎತ್ತಿಕೊಂಡು ಹೋಯಿತು. ಆದರೆ ಐದೇ ನಿಮಿಷದಲ್ಲಿ ನಮ್ಮ ಮಾವನವರು ಡಬ್ಬಿ ಹಿಡಿದುಕೊಂಡು ಕಾಂಪೌಂಡ್ ಹತ್ತಿರ ನಿಂತಿದ್ದರು.

"ಅರ್ಧ ಗುಳಿಗೆ ಹಾಕ್ರಮ್ಮ. ಅರ್ಧಕ್ಕೆ ಏನಾಗ್ತೈತೆ?"

ಅವರ ಕೈಯಲ್ಲಿದ್ದ ಸ್ಟ್ರಿಪ್ಪಿನ ತುಂಡಿನ ಮೇಲೆ 'ಪ್ಯಾರಾ' ಅನ್ನೋ ಎರಡಕ್ಷರ ಉಳಿದಿತ್ತು. ನನ್ನ ಎದೆ ಧಸಕ್ಕೆಂದಿತು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿಕೊಳ್ಳೋ ತಾಕತ್ತು ಬೆಕ್ಕಿನ ಲಿವರ್‌ಗೆ ಇಲ್ಲ, ರಕ್ತವೇ ಕೆಟ್ಟುಹೋಗುತ್ತೆ. ಅರ್ಧ ಕೊಟ್ಟರೂ ಜೀವ ಹೋಗಬಹುದು. ಇದನ್ನೆಲ್ಲ ಮಾವನವರಿಗೆ ಕಾಂಪೌಂಡ್ ಹತ್ತಿರ ನಿಂತು ಹೇಳೋಕೆ ಆಗುತ್ತಾ? ಅಳಿಯ ಅಲ್ವಾ. "ಮಾವ, ಚಹಾ ಆರ್ತಾ ಇದೆ ಬನ್ನಿ" ಅಂತ ಒಂದು ಸುಳ್ಳು ಹೇಳಿ ಒಳಗೆ ಕರೆತಂದೆ. ಆಮೇಲೆ ಆ ಸುಳ್ಳನ್ನು ನಿಜ ಮಾಡೋಕೆ ನಾನೇ ಹೋಗಿ ಚಹಾ ಇಡಬೇಕಾಯಿತು.

ಆ ಡಬ್ಬಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಮುಚ್ಚಳದ ಮೇಲಿನ ಚಿತ್ರ ಅಳಿಸಿ ಯಾವುದೋ ಕಾಲ ಆಗಿದೆ. ಒಳಗೆ ಮೂವತ್ತು ವರ್ಷದ ಕಾಯಿಲೆಗಳಲ್ಲಿ ಮಿಕ್ಕ ಗುಳಿಗೆಗಳಿವೆ. ಮಾವನವರು ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದೇ ಕತ್ತರಿಸಿ ಇಡುತ್ತಾರೆ. ಹಾಗಾಗಿ ಒಂದು ತುಂಡಿನ ಮೇಲೆ 'ಸಿನ್' ಅಂತ ಇದ್ದರೆ, ಇನ್ನೊಂದರ ಮೇಲೆ 'ಜೋಲ್', ಮತ್ತೊಂದರ ಮೇಲೆ ಬರೀ 2019. ಹೆಸರು ಗೊತ್ತಿಲ್ಲದಿದ್ದರೂ ಅವರಿಗೆ ಬಣ್ಣ ಗೊತ್ತು. ಬಿಳಿ ಜ್ವರಕ್ಕೆ, ಹಳದಿ ನೆಗಡಿಗೆ, ಗುಲಾಬಿ ಹೊಟ್ಟೆಗೆ. ಎಲ್ಲಕ್ಕಿಂತ ಚಿಕ್ಕದು 'ಬಸ್ಸಿನ ಗುಳಿಗೆ'.

ಗುಳಿಗೆ ಅರ್ಧ ಮಾಡೋದು ಅಡಕತ್ತರಿಯಲ್ಲಿ. ಗುಳಿಗೆ ಏನು ಅಡಿಕೆಯಾ? ಒಂದು ಕಡೆ ಮುಕ್ಕಾಲು ಉಳಿಯುತ್ತೆ, ಇನ್ನೊಂದು ಕಡೆ ಕಾಲು, ಮಧ್ಯೆ ಸ್ವಲ್ಪ ಪುಡಿ ಪಂಚೆ ಮೇಲೆ. ದೊಡ್ಡ ಚೂರೂ ಅರ್ಧವೇ, ಸಣ್ಣ ಚೂರೂ ಅರ್ಧವೇ. ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ, ದನ ನಾಯಿ ಬೆಕ್ಕಿಗೆ ಅರ್ಧ, ಹೊಸ ನೆಂಟರಿಗೂ ಅರ್ಧ. ಮದುವೆಯಾದ ಹೊಸದರಲ್ಲಿ ದುರ್ಗದ ಅವರ ಮನೆಯಲ್ಲಿ ನನಗೆ ತಲೆನೋವು ಬಂದಾಗ ಅರ್ಧ ಸಿಕ್ಕಿತ್ತು. ಇಡೀ ಗುಳಿಗೆಯ ಯೋಗ್ಯತೆ ಬರೋಕೆ ಎರಡು ವರ್ಷ ಮತ್ತು ಒಂದು ಮಗು ಬೇಕಾಯಿತು.

ಇದೆಲ್ಲ ಈಗ ಎದ್ದಿದ್ದು ನಮ್ಮ ಚಕ್ಲಿಯಿಂದ. ಚಕ್ಲಿ ನಮ್ಮ ನಾಯಿ, ಬೀದಿಯಿಂದ ಬಂದವನು. ಬಾಲ ಎರಡು ಸುತ್ತು ಸುತ್ತಿಕೊಂಡಿದೆ, ಅದಕ್ಕೇ ಆ ಹೆಸರು. ಕಳೆದ ತಿಂಗಳು ಮೊದಲ ಸಲ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟೆವು. ಇರೋದು ಅರವತ್ತು ಕಿಲೋಮೀಟರ್, ಹೈವೇ ಬೇರೆ. ಏನಾಗುತ್ತೆ?

ಆನಗೋಡು ದಾಟುವಾಗ ಚಕ್ಲಿ ಆಕಳಿಸಿದ. "ಪಾಪ, ನಿದ್ದೆ ಬಂತು" ಅಂದೆ. ನಾಲಿಗೆಯಿಂದ ತುಟಿ ಸವರಿಕೊಂಡ. "ಹಸಿವಾಗಿದೆ" ಅಂದಳು ಹೆಂಡತಿ. ಒಂದು ಬಿಸ್ಕತ್ತು ಕೊಟ್ಟಳು. ಜೊಲ್ಲು ಸುರಿಸಿದ. "ಇನ್ನೊಂದು ಬೇಕಂತೆ" ಅಂದ ಮಗ. ಆಕಳಿಕೆ, ತುಟಿ ಸವರೋದು, ಜೊಲ್ಲು ಈ ಮೂರೂ ನಾಯಿಗೆ ಹೊಟ್ಟೆ ತೊಳಸುತ್ತಿರೋ ಲಕ್ಷಣ ಅಂತ ನಮಗೆ ಹೆಬ್ಬಾಳು ಟೋಲಿನಲ್ಲಿ ಗೊತ್ತಾಯಿತು. ಬೆಳಗಿನ ಅನ್ನ ಮೊಸರು, ಎರಡು ಬಿಸ್ಕತ್ತು, ಯಾವಾಗ ತಿಂದಿದ್ದನೋ ಗೊತ್ತಿಲ್ಲದ ಒಂದು ರಬ್ಬರ್ ಬ್ಯಾಂಡ್. ಫಾಸ್ಟ್ಯಾಗ್ ಬೀಪ್ ಅಂದಿತು, ಗೇಟ್ ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಸೀಟನ್ನು ಮೂರು ಸಲ ತೊಳೆಸಿದ್ದೇನೆ. ಬಿಸಿಲಿಗೆ ನಿಲ್ಲಿಸಿದರೆ ಇವತ್ತಿಗೂ ಹೆಬ್ಬಾಳು ಟೋಲ್ ನೆನಪಾಗುತ್ತೆ.

ದುರ್ಗದಲ್ಲಿ ಮಾವನವರು ಗೇಟಿನಲ್ಲೇ ಕಾಯುತ್ತಿದ್ದರು. ಮಗಳು ಫೋನಿನಲ್ಲಿ ವಿಷಯ ಹೇಳಿಬಿಟ್ಟಿದ್ದಳು. ಅಡಕತ್ತರಿ ಆಗಲೇ ಕೈಯಲ್ಲಿತ್ತು.

"ಬಸ್ಸಿನ ಗುಳಿಗೆ. ಅರ್ಧ ಹಾಕಿದ್ರೆ ಬೆಂಗಳೂರಿನ ತನಕ ಕೆಮ್ಮಂಗಿಲ್ಲ."

"ಮಾವ, ಇದರ ಹೆಸರೇನು?"

"ಹೆಸರು ತಗೊಂಡು ಏನು ಮಾಡ್ತೀರಿ, ನಾಮಕರಣ ಮಾಡ್ತೀರಾ?"

ನಾನು ಆ ಡಬ್ಬಿಯನ್ನು ಅವತ್ತೇ ತಿಪ್ಪೆಗೆ ಎಸೆಯಬೇಕು ಅಂತ ತೀರ್ಮಾನ ಮಾಡಿದ್ದೆ. ಅವರು ಸ್ನಾನಕ್ಕೆ ಹೋದಾಗ ತೆರೆದೂ ನೋಡಿದೆ. ತಳದಲ್ಲಿ ಕ್ಯಾಲೆಂಡರ್ ಹಾಳೆಯ ಸಣ್ಣ ಸಣ್ಣ ಪೊಟ್ಟಣಗಳಿದ್ದವು. ಒಂದೊಂದರ ಮೇಲೂ ನೀಲಿ ಪೆನ್ನಿನಲ್ಲಿ ಬರೆದಿತ್ತು: 'ಬೆಳಿಗ್ಗೆ', 'ರಾತ್ರಿ', 'ಊಟ ಆದ್ಮೇಲೆ, ಮರೀಬ್ಯಾಡ್ರಿ'. ಅತ್ತೆಯ ಅಕ್ಷರ. ಅವರು ಹೋಗಿ ನಾಲ್ಕು ವರ್ಷ ಆಯಿತು. ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟೆ. ಹೆಂಡತಿಗೂ ಹೇಳಲಿಲ್ಲ.

ಹಾಗಂತ ಚಕ್ಲಿಗೆ ಅದರಿಂದ ಏನೂ ಹಾಕಲಿಲ್ಲ, ಅದು ಬೇರೆ ಮಾತು. ಊರಿಗೆ ಬಂದು ಪಶುವೈದ್ಯರ ಹತ್ತಿರ ಹೋದೆವು. ಡಾಕ್ಟರಮ್ಮ ಔಷಧಿ ಬರೆಯೋ ಮುಂಚೆ ಪ್ರಶ್ನೆಗಳ ಮಳೆ ಸುರಿಸಿದರು. ಕಾರಿನಲ್ಲಿ ಮಾತ್ರನಾ, ಮನೆಯಲ್ಲೂ ಮಾಡ್ತಾನಾ? ರಕ್ತ ಇತ್ತಾ? ಏನಾದ್ರೂ ನುಂಗಿದ್ದಾನಾ? ರಬ್ಬರ್ ಬ್ಯಾಂಡ್ ವಿಷಯ ಹೇಳಿದೆ. ಹುಬ್ಬೇರಿಸಿ ಹೊಟ್ಟೆ ಒತ್ತಿ ಒತ್ತಿ ನೋಡಿದರು. ಕರುಳಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ, ವಿಷ ತಿಂದಿದ್ದರೆ, ವಾಂತಿ ನಿಲ್ಲಿಸೋ ಔಷಧಿ ರೋಗವನ್ನೇ ಮುಚ್ಚಿಹಾಕುತ್ತಂತೆ. ನಾಯಿ ಆರಾಮಾಗಿದೆ ಅಂತ ನಾವು ಬೆಣ್ಣೆ ದೋಸೆ ತಿನ್ನುತ್ತಾ ಕೂತಿರುತ್ತೇವೆ, ಒಳಗೆ ಕೆಲಸ ಕೆಟ್ಟಿರುತ್ತೆ.

ಚಕ್ಲಿಗೆ ಅಂಥದ್ದೇನೂ ಇರಲಿಲ್ಲ. ಕಿವಿಯೊಳಗೆ ಮೈಯ ಸಮತೋಲ ನೋಡಿಕೊಳ್ಳೋ ಭಾಗ ಇದೆಯಲ್ಲ, ಕಾರು ಓಡುವಾಗ ಅದಕ್ಕೆ ಗಲಿಬಿಲಿ. ಮರಿಗಳಿಗೆ ಇದು ಜಾಸ್ತಿ, ಎಷ್ಟೋ ನಾಯಿಗಳಿಗೆ ಬೆಳೀತಾ ತಾನೇ ಹೋಗುತ್ತೆ ಅಂದರು. ಮಾರೋಪಿಟಂಟ್ ಅನ್ನೋ ಗುಳಿಗೆ ಬರೆದರು. ತೂಕ ಕೇಳಿದರು. ಅಲ್ಲಿನ ತೂಕದ ಯಂತ್ರ ಕೆಟ್ಟಿತ್ತು. ಮನೆಯಲ್ಲಿ ನೋಡಿ ಫೋನ್ ಮಾಡಿ ಅಂದರು.

ನಾಯಿ ತಕ್ಕಡಿ ಮೇಲೆ ಸುಮ್ನೆ ನಿಲ್ಲುತ್ತಾ? ಎತ್ತಿಕೊಂಡು ನಾನು ನಿಂತೆ: 92. ಅವನನ್ನು ಇಳಿಸಿ ನಿಂತೆ: 78. ನಾಯಿ 14 ಕೆಜಿ. "ಅಂದ್ರೆ ನೀವು ಎಪ್ಪತ್ತೆರಡು ಅಂತ ಹೇಳ್ತಾ ಇದ್ದಿದ್ದು?" ಅಂದಳು ಹೆಂಡತಿ. ಅವತ್ತಿನಿಂದ ನನಗೆ ರಾತ್ರಿ ಎರಡೇ ಚಪಾತಿ. ವಾಂತಿ ಮಾಡಿದ್ದು ಯಾರು, ಪಥ್ಯ ಯಾರಿಗೆ ನೋಡಿ.

ಈ ಗುಳಿಗೆಯ ಲೆಕ್ಕ ಮಾವನವರ ಸಿದ್ಧಾಂತಕ್ಕೆ ಪೂರಾ ಉಲ್ಟಾ. ಸುಮ್ನೆ ವಾಂತಿಗಾದರೆ ಕೆಜಿಗೆ 2 ಮಿಲಿಗ್ರಾಂ. ಪ್ರಯಾಣಕ್ಕಾದರೆ ಕೆಜಿಗೆ 8. ಅದೇ ಔಷಧಿ, ನಾಲ್ಕು ಪಟ್ಟು! ಅದೂ ದಿನಕ್ಕೆ ಒಂದೇ ಸಲ, ಸತತ ಎರಡು ದಿನಕ್ಕಿಂತ ಜಾಸ್ತಿ ಇಲ್ಲ. ಡಾಕ್ಟರಮ್ಮ ಚಕ್ಲಿಯ ತೂಕಕ್ಕೆ 60ರ ಎರಡು ಗುಳಿಗೆ ಅಂದರು. ಫೋನಿನಲ್ಲಿ ಮಾವನವರಿಗೆ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ನಾಯಿಗೆ ಎರಡಾ?" ಅಂದರು ಕೊನೆಗೆ. ತಮಗೇ ಇಡೀ ಜೀವಮಾನದಲ್ಲಿ ಒಟ್ಟಿಗೆ ಎರಡು ನುಂಗೋ ಭಾಗ್ಯ ಬಂದಿರಲಿಲ್ಲ ಅನ್ನೋ ಹಾಗೆ.

ಡಾಕ್ಟರಮ್ಮ ಇನ್ನೊಂದು ಹೇಳಿದರು. ಹೊರಡೋಕೆ ಎರಡು ಗಂಟೆ ಮುಂಚೆ, ಒಂದು ತುತ್ತು ಊಟದ ಜೊತೆ ಕೊಡಿ, ಆದರೆ ಗುಳಿಗೆಯನ್ನು ಬೆಣ್ಣೆಯಲ್ಲಿ ಸುತ್ತಿ ಕೊಡಬೇಡಿ, ಸುತ್ತಿದರೆ ಕರಗೋದು ತಡ ಆಗುತ್ತೆ ಅಂತ. ದಾವಣಗೆರೆಯಲ್ಲಿ ನಿಂತು ಬೆಣ್ಣೆ ಬೇಡ ಅನ್ನೋ ಮಾತು! ಇಲ್ಲಿ ಎಂಥ ಕಷ್ಟವನ್ನೂ ಬೆಣ್ಣೆ ಹಾಕಿ ನುಂಗೋದೇ ನಮಗೆ ಅಭ್ಯಾಸ.

ಹೋದ ಭಾನುವಾರ ಬೆಳಿಗ್ಗೆ ಆರು ಗಂಟೆ. ಡಾಕ್ಟರಮ್ಮ ತೋರಿಸಿಕೊಟ್ಟ ಹಾಗೆ ಬಾಯಿ ತೆರೆದು, ನಾಲಿಗೆಯ ಹಿಂದಕ್ಕೆ ಇಟ್ಟು, ಬಾಯಿ ಮುಚ್ಚಿ, ಗಂಟಲು ಸವರಿದೆ. ಮೊದಲನೆಯದು ಹೋಯಿತು. ಎರಡನೆಯದಕ್ಕೆ ಚಕ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಗುಳುಕ್ ಅಂತ ನುಂಗಿದ. ನೀರು ಕುಡಿದ. ಬಾಲ ಆಡಿಸಿದ. ನಾನು ಚಪ್ಪಲಿ ಹಾಕಿಕೊಂಡಾಗ ಹೆಬ್ಬೆರಳಿಗೆ ಏನೋ ಒದ್ದೆ ಒದ್ದೆ. ಗುಳಿಗೆ! ಅಂಚು ಸ್ವಲ್ಪ ಕರಗಿದೆ. ಈಗ ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಉಳಿಯಿತು? ಇನ್ನೊಂದು ಹೊಸದು ಕೊಟ್ಟರೆ ಜಾಸ್ತಿ ಆಗುತ್ತಾ? ಭಾನುವಾರ ಆರು ಗಂಟೆಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಹೊಸದು ಬೇಡ. ಅದನ್ನೇ ಕೊಡಿ" ಅಂದರು ನಿದ್ದೆಗಣ್ಣಲ್ಲಿ. ಕೊಟ್ಟೆ. ಈ ಸಲ ಬಾಯಿ ಹಿಡಿದುಕೊಂಡು ಹತ್ತು ಎಣಿಸಿದೆ. ನನ್ನ ಚಪ್ಪಲಿ ರುಚಿಗೋ ಏನೋ, ಚಕ್ಲಿ ತಕರಾರು ಮಾಡಲಿಲ್ಲ.

ಹೆಬ್ಬಾಳು ಟೋಲ್ ಬಂತು. ಮೂವರೂ ಉಸಿರು ಬಿಗಿ ಹಿಡಿದು ಹಿಂದಕ್ಕೆ ತಿರುಗಿ ನೋಡಿದೆವು. ಅಂದರೆ ನಾನು ಕನ್ನಡಿಯಲ್ಲಿ ನೋಡಿದೆ. ಚಕ್ಲಿ ಕಿಟಕಿಯಿಂದ ಲಾರಿಗಳನ್ನು ಎಣಿಸುತ್ತಾ ಕೂತಿದ್ದ. ಭರಮಸಾಗರ ಬಂತು, ಹೋಯಿತು. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಒಂದು ಹನಿ ಜೊಲ್ಲು ಕೂಡ ಇಲ್ಲ.

ಸಂಜೆ ಮಾವನವರನ್ನು ಹದಿನೈದು ದಿನಕ್ಕೆ ಅಂತ ಜೊತೆಗೆ ಕರೆದುಕೊಂಡು ಹೊರಟೆವು. ಚಕ್ಲಿಗೆ ಬೆಳಗಿನ ಔಷಧಿಯೇ ಸಾಕು, ಹನ್ನೆರಡು ಗಂಟೆ ತಡೆಯುತ್ತೆ ಅಂದಿದ್ದರು. ಮಾವನವರು ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಚಕ್ಲಿಯ ಗದ್ದ. ಸ್ವಲ್ಪ ದೂರ ಮಾತಾಡಿದರು. ಆಮೇಲೆ ಸುಮ್ಮನಾದರು. ಕನ್ನಡಿಯಲ್ಲಿ ನೋಡಿದರೆ ಆಕಳಿಸುತ್ತಿದ್ದರು. ತುಟಿ ಸವರಿಕೊಂಡರು. ಈ ಸಲ ನಾನು ನಿದ್ದೆ ಅಂದುಕೊಳ್ಳಲಿಲ್ಲ. ಭರಮಸಾಗರದ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿದೆ.

ಮಾವನವರು ಇಳಿದು, ಬೇವಿನ ಮರಕ್ಕೆ ಕೈ ಕೊಟ್ಟು, ಬೆವರು ಒರೆಸಿಕೊಂಡರು. ಮಗ ಡಬ್ಬಿ ತೆರೆದು, ಎಲ್ಲಕ್ಕಿಂತ ಚಿಕ್ಕ ಗುಳಿಗೆಯ ಚೂರು ಹುಡುಕಿ, ಅಂಗೈ ಮೇಲಿಟ್ಟು ಹಿಡಿದ.

"ತಾತ, ಬಸ್ಸಿನ ಗುಳಿಗೆ. ಅರ್ಧ."

ಮಾವನವರು ಕನ್ನಡಕ ಮೇಲೆತ್ತಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಮತ್ತೆ ಅವನ ಕೈಗೇ ಇಟ್ಟರು.

"ಬ್ಯಾಡಪ್ಪ. ಯಾವುದೋ ಏನೋ, ಹೆಸರಿಲ್ಲ ಕುಲವಿಲ್ಲ, ಯಾರು ನುಂಗ್ತಾರೆ ಇದನ್ನ? ಅಲ್ಲೆಲ್ಲಾದ್ರೂ ಒಂದು ನಿಂಬೆಹಣ್ಣು ಸಿಗ್ತೈತಾ ನೋಡು."