ಹಳೇ ಕಾಲದವರಿಗೆ ಸಮತಟ್ಟು ಜಾಗವೇ ಸಿಗಲಿಲ್ಲವೇ?

ಇವತ್ತು ಸಾಕಾಯಿತು. ಏದುಸಿರು ಬಿಡುತ್ತಾ ಕೋಟೆ ಬಾಗಿಲಿಗೆ ಬಂದರೆ, ದುರಸ್ತಿ ಅಂತ ಬೀಗ! ಶತ್ರು ದೂರದಿಂದಲೇ ಕಾಣಲಿ ಅಂತ ಗುಡ್ಡದ ಮೇಲೆ ಕಟ್ಟಿದರಂತೆ. ಸೈಕಲ್ ತುಳಿಯುವ ನಾನು ಯಾವ ಶತ್ರು? 10% ಏರು ಅಂದರೆ 100 ಮೀಟರಿಗೆ 10 ಮೀಟರ್ ಎತ್ತರ. ನಕ್ಷೆಯಲ್ಲಿ ಮಾತ್ರ ಅದು ಮುದ್ದಾದ ಗೆರೆ. ಇಳಿಜಾರಲ್ಲಾದರೂ ಸುಮ್ನೆ ಜಾರೋಣ ಅಂದರೆ ಅಲ್ಲೇ ಕಲ್ಲುಹಾಸು ಶುರು. 25 ಮಿಲಿಮೀಟರ್ ಅಗಲದ ಸಪೂರ ಟೈರು, ಹಲ್ಲು ಕಟಕಟ, ನೀರಿನ ಬಾಟಲಿ ಹಾರಿ ಚರಂಡಿಗೆ. ಪರಂಪರೆಯಂತೆ, ಡಾಂಬರು ಹಾಕಬಾರದಂತೆ! ಸಾಲದ್ದಕ್ಕೆ ಎದುರುಗಾಳಿ ಬೇರೆ. ವಾಪಸ್ ಬರುವಾಗಲೂ ಅದು ಎದುರಿನಿಂದಲೇ ಬೀಸುತ್ತದೆ, ಹೇಗೆ ಸಾಧ್ಯ ಸ್ವಾಮಿ? ಕಾರಿನವರು ಮಾತ್ರ ಕಿಟಕಿ ಇಳಿಸಿ, "ಎಂಥಾ ಚೆಂದದ ದಾರಿ ಅಲ್ವಾ!" ಅಂತಾರೆ.