ಅಪ್ಪನ ಆ ಮಾತು ಒಪ್ಪಲಾಗದು

‘ದಿ ಫಿಲಡೆಲ್ಫಿಯಾ ಸ್ಟೋರಿ’ (1940) ಎಂಬ ಹಾಲಿವುಡ್ ಸಿನಿಮಾ ಇವತ್ತಿಗೂ ಹೊಸದಾಗಿ ಕಾಣುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ನಿಜ. ನಡುರಾತ್ರಿ ಕ್ಯಾಥರೀನ್ ಹೆಪ್‌ಬರ್ನ್ ಮತ್ತು ಜೇಮ್ಸ್ ಸ್ಟೀವರ್ಟ್ ಮಾತಾಡುವ ದೃಶ್ಯ ನನಗೆ ಪ್ರಾಣ. ಸ್ಟೀವರ್ಟ್‌ಗೆ ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ.

ಆದರೆ ಹೆಪ್‌ಬರ್ನ್ ಮಾಡಿದ ನಾಯಕಿ ಟ್ರೇಸಿಯ ಅಪ್ಪನ ಬಗ್ಗೆ ನೀವು ಏನೂ ಹೇಳಿಲ್ಲ. ಬೇರೆ ಹೆಂಗಸಿನ ಹಿಂದೆ ಹೋದವನು ಅವನು. ತಪ್ಪು ಹೊರಿಸುವುದು ಮಗಳ ಮೇಲೆ! ಅವಳು ಅಕ್ಕರೆ ತೋರಿಸಿದ್ದರೆ ತಾನು ದಾರಿ ತಪ್ಪುತ್ತಿರಲಿಲ್ಲವಂತೆ. ಕೊನೆಗೆ ತಗ್ಗಬೇಕಾದವಳೂ ಅವಳೇ. ಶುರುವಿನಲ್ಲೇ ಡೆಕ್ಸ್ಟರ್ (ಕ್ಯಾರಿ ಗ್ರಾಂಟ್) ಹೆಂಡತಿ ಟ್ರೇಸಿಯ ಮುಖಕ್ಕೆ ಕೈಯಿಟ್ಟು ನೂಕಿ ಕೆಡವುತ್ತಾನೆ. ಅದನ್ನು ನಗಿಸಲೆಂದೇ ಇಟ್ಟಿದ್ದಾರೆ, ನನಗೆ ನಗು ಬರುವುದಿಲ್ಲ. ಅಷ್ಟು ಚುರುಕಾದ ಹೆಣ್ಣನ್ನು ಸೃಷ್ಟಿಸಿ, ಅವಳನ್ನೇ ಯಾಕೆ ತಿದ್ದಲು ಹೊರಟರು? ಹೆಪ್‌ಬರ್ನ್ ಆ ಪಾತ್ರಕ್ಕೆ ಅಷ್ಟೊಂದು ಜೀವ ತುಂಬಿದ್ದಕ್ಕೇ ಈ ಸಿಟ್ಟು ಜಾಸ್ತಿ.